ಭೂಮಿಯಿಲ್ಲದ ಮೊಕ್ತೇಸರ

ಪರಮೇಶ್ವರಿ ಗಂಡನ ಕುತ್ತಿಗೆಯಿಂದ ಅಳತೆಯ ಟೇಪು ಬಿಡಿಸುತ್ತಿದ್ದಳು. ಅದರ ಒಂದು ತುದಿ ಶರ್ಟಿನ ಕಾಲರಿನೊಳಗೆ ಸಿಕ್ಕಿಕೊಂಡಿತ್ತು, ಬರಲೊಲ್ಲದು. ಎಳೆದರೆ ತಲೆ ಅಲುಗುತ್ತಿತ್ತು. ತಲೆ ಅಲುಗಿದಾಗೆಲ್ಲ, ಈಗ ಕಣ್ಣು ಬಿಟ್ಟು "ಎಂತ ಮಾಡ್ತಿ ಮಾರಾಯ್ತಿ" ಅನ್ನುತ್ತಾನೋ ಏನೋ ಎಂದು ಅವಳ ಕೈ ನಿಲ್ಲುತ್ತಿತ್ತು.

"ಕತ್ತರಿ ಹಾಕುವುದಾ ಅಕ್ಕ?" ಎಂದಳು ತಲೆಯ ಹತ್ತಿರ ಕೂತಿದ್ದ ನೆರೆಯ ಕಾಂತಿ.

"ಬೇಡ, ಬೇಡ. ಹೊಸತು ಅದು. ಮೊನ್ನೆ ಬಿಸು ಹಬ್ಬಕ್ಕೆ ತಂದದ್ದು."

ಹೇಳಿದ ಮೇಲೆ ಪರಮೇಶ್ವರಿಗೆ ನಾಚಿಕೆಯಾಯಿತು. ಗಂಡ ಸತ್ತು ಎರಡು ಗಂಟೆಯಾಗಿಲ್ಲ, ಟೇಪಿನ ಚಿಂತೆ!

ಟೈಲರ್ ಗಜಾನನ ಸತ್ತದ್ದು ಬೆಳಿಗ್ಗೆ ಎಂಟಕ್ಕೆ, ಯಾರದೋ ಅಂಗಿಗೆ ಕಾಜ ಹೊಲಿಯುತ್ತ. ಅಂಗಡಿ ಎಂದರೆ ಬೇರೆಲ್ಲೂ ಅಲ್ಲ, ಬಾಡಿಗೆ ಮನೆಯ ಚಾವಡಿಯೇ. ಕಾಂತಿ ರಸ್ತೆಯಾಚೆಯ ತೋಟದಿಂದ ಬಸಳೆ ಕಟ್ಟು ಹೊತ್ತುಕೊಂಡು ಬರುವಾಗ ಇಣುಕಿ ನೋಡಿ, "ಅಕ್ಕಾ, ಅಣ್ಣ ಎಂತ, ಮೆಷಿನಿನ ಮೇಲೆ ಮಲಗಿದ್ದಾರೆ?" ಎಂದು ಕೂಗಿದ್ದಳು. ಐವತ್ತೇಳು ವರ್ಷ. ಜ್ವರ ಇಲ್ಲ, ಕೆಮ್ಮು ಇಲ್ಲ. ಮಕ್ಕಳೂ ಇಲ್ಲ. ಬೆಳ್ತಂಗಡಿಯಿಂದ ಎರಡು ಮೈಲಿ ದೂರದ ಪಡ್ಡಾಯಬೆಟ್ಟಿನಲ್ಲಿ ಮೂವತ್ತು ವರ್ಷ ಊರವರ ಮೈ ಅಳೆದು ಬಟ್ಟೆ ಹೊಲಿದವನು ಯಾರಿಗೂ ತೊಂದರೆ ಕೊಡದೆ ಹೋಗಿಬಿಟ್ಟ.

ತೊಂದರೆ ಶುರುವಾದದ್ದು ಆಮೇಲೆ.

ಹೆಣ ಹೊರಡುವ ತನಕ ನೆರೆಹೊರೆಯಲ್ಲಿ ಒಲೆ ಹಚ್ಚುವಂತಿಲ್ಲ. ಹತ್ತು ಗಂಟೆಗೇ ಆಸುಪಾಸಿನ ಮಕ್ಕಳೆಲ್ಲ ಅವಲಕ್ಕಿ ಡಬ್ಬಿಗೆ ಮುತ್ತಿಗೆ ಹಾಕಿದ್ದವು. ಆದಷ್ಟು ಬೇಗ ಹೊರಡಿಸಬೇಕು. ಆದರೆ ಯಾವುದರಲ್ಲಿ ಸುಡುವುದು? ಆಟಿ ತಿಂಗಳು. ಹದಿನೈದು ದಿನದಿಂದ ಬಿಟ್ಟೂಬಿಡದೆ ಹೊಯ್ದ ಮಳೆ ಆ ದಿನವಷ್ಟೇ ಸ್ವಲ್ಪ ಉಸಿರು ತೆಗೆದುಕೊಂಡಿತ್ತು. ಊರಿನಲ್ಲಿ ಒಣ ಕಟ್ಟಿಗೆ ಎಂದು ಇದ್ದದ್ದು ಅವರವರ ಅಟ್ಟದಲ್ಲಿ, ಅವರವರ ಗಂಜಿಗೆ ಬೇಕಾದಷ್ಟು. ಈ ಕಡೆ ಹೆಣ ಸುಡುವುದಕ್ಕೆ ಮಾವಿನ ಮರ ಕಡಿಯುವುದು ಕ್ರಮ. ಬರೀ ಕ್ರಮವಲ್ಲ, ಹಸಿ ಮಾವು ಮಳೆಗಾಲದಲ್ಲೂ ಬೆಂಕಿ ಹಿಡಿಯುತ್ತದೆ. ಬೇರೆ ಹಸಿ ಕಟ್ಟಿಗೆ ಹೊಗೆಯಾಡಿಕೊಂಡು ಕೂರುತ್ತದೆ. ಹಿತ್ತಿಲಿದ್ದವರು ಹಿತ್ತಿಲಿನ ಮರ ಕಡಿಯುತ್ತಾರೆ. ಗಜಾನನನಿಗೆ ಹಿತ್ತಿಲೆಲ್ಲಿಂದ ಬರಬೇಕು?

ಬಾಡಿಗೆ ಮನೆಯ ಯಜಮಾನ ಆಳಿನ ಕೈಯಲ್ಲಿ ಹೇಳಿ ಕಳಿಸಿದ್ದ: ತುಂಬ ಬೇಸರವಾಯಿತು, ಹತ್ತು ತೆಂಗಿನ ಗರಿ ಕೊಡುತ್ತೇನೆ, ಮಾವಿನ ಮರ ಮಾತ್ರ ಮುಟ್ಟಬೇಡಿ.

"ಗರಿ ಅವನೇ ಇಟ್ಟುಕೊಳ್ಳಲಿ," ಎಂದು ಅಂಗಳದಲ್ಲಿ ಯಾರೋ ಗೊಣಗಿದರು. "ಗಜಾನನರದ್ದೇ ತೋಟ ಉಂಟಲ್ಲ ರಸ್ತೆಯಾಚೆ. ಏಳು ಕಾಟು ಮಾವಿನ ಮರ ಉಂಟು ಬೇಲಿಯಲ್ಲಿ."

"ಅವರದ್ದು ಹೇಗೆ ಆಗ್ತದೆ ಮಾರಾಯ? ಧರ್ಮದ ತೋಟ ಅಲ್ಲವಾ ಅದು? ಅವರು ಮೊಕ್ತೇಸರರು ಮಾತ್ರ."

ಒಳಗೆ ಟೇಪು ಕೊನೆಗೂ ಕಾಲರಿನಿಂದ ಬಿಟ್ಟುಕೊಂಡಿತು. ಮೊಕ್ತೇಸರರು ಮಾತ್ರ! ಆ ಮಾತು ಪರಮೇಶ್ವರಿಯ ಕಿವಿಗೆ ಬಿದ್ದು, ಹನ್ನೆರಡು ವರ್ಷದ ಸಿಟ್ಟು ಅಲ್ಲಿಯೇ, ಹೆಣದ ಎದುರೇ ಎದ್ದು ಕೂತಿತು.

*

ಸಾವಿರದ ಒಂಬೈನೂರ ಐವತ್ತೆರಡರಲ್ಲಿ ಜೀವಂಧರ ಹೆಗ್ಡೆಯವರು ರಸ್ತೆಯಾಚೆಯ ನಾಲ್ಕು ಎಕರೆ ಬೋಳು ಬೆಟ್ಟು ಜಮೀನನ್ನು ಧರ್ಮಕ್ಕೆ ಬರೆದರು. ಅಕ್ಕಿಗೆ ರೇಶನ್ ಇದ್ದ ಕಾಲ. ಭೂಮಿಯಿಲ್ಲದ ಇಪ್ಪತ್ತೆಂಟು ಮನೆಯವರು ಅಲ್ಲಿ ತಮಗೆ ಬೇಕಾದ ತರಕಾರಿ ಬೆಳೆದು ತಿನ್ನಲಿ, ಒಂದೊಂದು ಮನೆಗೆ ಎಂಟೆಂಟು ಸಾಲು ಎಂದು ಅವರ ಅಪೇಕ್ಷೆ. ಹೆಗ್ಡೆಯವರು ಜೈನರು, ನೆಲದಡಿಯದ್ದನ್ನು ತಿನ್ನದವರು. ಹಾಗಾಗಿ ತೋಟದಲ್ಲಿ ಗೆಡ್ಡೆಗೆಣಸು ನೆಡಬಾರದು ಎಂದು ಪತ್ರದಲ್ಲಿ ಒಂದು ಕಲಮು. ಮೊಕ್ತೇಸರರ ಒಪ್ಪಿಗೆ ಇಲ್ಲದೆ ಮರ ಕಡಿಯಬಾರದು ಎಂದು ಇನ್ನೊಂದು. ಮೂರನೆಯದನ್ನು ಓದಿ ಬರೆದ ವಕೀಲರೇ ತಲೆ ಕೆರೆದುಕೊಂಡಿದ್ದರಂತೆ: ನಾಲ್ವರು ಮೊಕ್ತೇಸರರಲ್ಲಿ ಒಬ್ಬರು ಒಂದು ಸೆಂಟ್ಸ್ ಭೂಮಿಯೂ ಸ್ವಂತಕ್ಕಿಲ್ಲದ ವ್ಯಕ್ತಿಯಾಗಿರಬೇಕು, ಮತ್ತು ಅವರ ರುಜು ಇಲ್ಲದೆ ಯಾವ ತೀರ್ಮಾನವೂ ನಡೆಯತಕ್ಕದ್ದಲ್ಲ.

ಆ ವ್ಯಕ್ತಿಯನ್ನು ಹೆಗ್ಡೆಯವರು ಹುಡುಕಿದ್ದು ಜುಬ್ಬಾದ ಅಳತೆಗೆ ಬಂದಾಗ.

"ನಿನಗೆ ಜಾಗ ಎಷ್ಟುಂಟು ಗಜಾನನ?"

"ನಿಂತಷ್ಟು, ಧನಿ," ಎಂದಿದ್ದ ಗಜಾನನ, ಟೇಪನ್ನು ಅವರ ಹೆಗಲಿಗೆ ಹಿಡಿದುಕೊಂಡು.

ಹೆಗ್ಡೆಯವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಮರುದಿನ ಗಜಾನನ ಮೊಕ್ತೇಸರ.

ಅಂದಿನಿಂದ ಆಸಾಮಿ ನೆಲದ ಮೇಲೆ ನಿಲ್ಲಲಿಲ್ಲ. ಬೆಳಿಗ್ಗೆ ಎದ್ದು ಕಾಫಿ ಕುಡಿಯುವ ಮೊದಲು ತೋಟ. ಯಾರ ಸಾಲಿಗೆ ಯಾರು ನೀರು ಬಿಟ್ಟರು, ಯಾರ ಅಲಸಂಡೆ ಬಳ್ಳಿ ಯಾರ ಚಪ್ಪರಕ್ಕೆ ಹತ್ತಿತು, ಎಲ್ಲ ನೋಡಬೇಕು. ಗಡಿ ತಕರಾರು ಬಂದರೆ ಕುತ್ತಿಗೆಯ ಟೇಪು ತೆಗೆದು ಮಣ್ಣಿನ ಮೇಲೆ ಹಾಸುತ್ತಿದ್ದ. ಇಬ್ಬರು ಹೆಂಗಸರು ಕೂದಲು ಹಿಡಿದುಕೊಳ್ಳುವ ಹಂತಕ್ಕೆ ಬಂದ ಜಗಳವನ್ನು ಮುಕ್ಕಾಲು ಇಂಚಿನಲ್ಲಿ ತೀರಿಸಿದವನು ಅವನು. ಜನ ನಗುತ್ತಿದ್ದರು. ನಗುತ್ತಲೇ ಒಪ್ಪುತ್ತಿದ್ದರು.

ಐವತ್ತಾರರಲ್ಲಿ ಹೆಗ್ಡೆಯವರಿಗೆ ಖುಷಿಯಾಗಿ, ರಸ್ತೆ ಬದಿಯಲ್ಲಿ ಹತ್ತು ಸೆಂಟ್ಸ್ ಜಾಗ ನಿನ್ನ ಹೆಸರಿಗೆ ಮಾಡಿಕೊಡುತ್ತೇನೆ ಎಂದರು. ಪರಮೇಶ್ವರಿಗೆ ಆ ವಾರವಿಡೀ ಬೇರೆ ಕೆಲಸವಿಲ್ಲ. ಬಾವಿ ಎಲ್ಲಿ, ತುಳಸಿಕಟ್ಟೆ ಎಲ್ಲಿ, ಕರಿಬೇವಿನ ಗಿಡ ಎಲ್ಲಿ ಎಂದು ಒಲೆಯ ಬೂದಿಯಲ್ಲಿ ಗೆರೆ ಎಳೆದದ್ದೇ ಎಳೆದದ್ದು. ಗಜಾನನ ಹೋಗಿ ಬೇಡ ಎಂದು ಹೇಳಿ ಬಂದ.

"ಬೇಡ ಅಂದ್ರಾ? ತಲೆ ಸರಿ ಉಂಟಾ ನಿಮ್ಗೆ?"

"ಹತ್ತು ಸೆಂಟ್ಸ್ ಸಿಕ್ಕಿದ್ರೆ ಅಲ್ಲಿ ನಾನು ಯಾರು ಹೇಳು? ಮೊಕ್ತೇಸರ ಅಲ್ಲ. ಹೆಗ್ಡೆಯವರ ಜಾಗದಲ್ಲಿ ಕೂತ ಇನ್ನೊಬ್ಬ. ಮತ್ತೆ ಆ ಇಪ್ಪತ್ತೆಂಟು ಮನೆಯವರ ಪರವಾಗಿ ಮಾತಾಡುದು ಯಾರು?"

"ನನ್ನ ಪರವಾಗಿ ಮಾತಾಡುದು ಯಾರು?"

ಅವಳು ಎಂಟು ದಿನ ಮಾತು ಬಿಟ್ಟಳು. ಒಂಬತ್ತನೆಯ ದಿನ ಅವನು ಒಂದು ರವಿಕೆ ಹೊಲಿದು ಚಾಪೆಯ ಮೇಲೆ ಇಟ್ಟ. ಹಾಕಿ ನೋಡಿದರೆ ತೋಳಿನ ಹತ್ತಿರ ಉಸಿರುಗಟ್ಟುವ ಬಿಗಿ. "ಹಿಡೀತದೆ," ಎಂದು ಹೇಳಲೇಬೇಕಾಯಿತು.

"ಮಾತಾಡಿದಿಯಲ್ಲ, ಸಾಕು. ಕೊಡು, ಬಿಚ್ಚಿ ಕೊಡ್ತೇನೆ," ಎಂದ ಗಜಾನನ. ಇಪ್ಪತ್ತು ವರ್ಷದ ಟೈಲರ್‌ಗೆ ಹೆಂಡತಿಯ ತೋಳಿನ ಅಳತೆ ತಪ್ಪುವುದುಂಟೇ? ಅವಳಿಗೆ ನಗು ಬಂತು. ಆದರೆ ಬೂದಿಯಲ್ಲಿ ಎಳೆದ ಗೆರೆಗಳನ್ನು ಅವಳು ಮರೆಯಲಿಲ್ಲ. ಊರಿಗೆಲ್ಲ ಸಾಲು ಅಳೆದು ಕೊಟ್ಟವನು ತನಗೆ ಒಂದು ತುಳಸಿಕಟ್ಟೆಯ ಜಾಗ ಮಾಡಲಿಲ್ಲ ಎಂಬುದು ಒಳಗೊಳಗೇ ಉಳಿದುಬಿಟ್ಟಿತು.

*

ಮಧ್ಯಾಹ್ನದ ಬಸ್ಸಿಗೆ ಬಂಟ್ವಾಳದಿಂದ ಗಜಾನನನ ತಮ್ಮ ಸದಾಶಿವ ಬಂದ. ಬೆಂಕಿ ಕೊಡಬೇಕಾದವನು ಅವನೇ. ಅದೇ ಬಸ್ಸಿನಲ್ಲಿ ಬೀಜದ ವ್ಯಾಪಾರಿ ಅಬ್ದುಲ್ ಶುಕೂರ್ ಸಾಹೇಬರೂ ಇಳಿದರು. ತೋಟಕ್ಕೆ ವರ್ಷವರ್ಷ ಬೆಂಡೆ, ಹರಿವೆ, ಮುಳ್ಳುಸೌತೆಯ ಬೀಜ ಕೊಡುವವರು, ಮೊಕ್ತೇಸರರಲ್ಲಿ ಒಬ್ಬರು. ಸ್ವಲ್ಪ ಹೊತ್ತಿಗೆ ಶಾಲೆಯ ರಮಾನಾಥ ಮಾಸ್ಟ್ರು, ಮೊಕ್ತೇಸರರ ಕಾರ್ಯದರ್ಶಿ, ಸಭೆಯ ಪುಸ್ತಕವನ್ನು ಮೇಣದ ಬಟ್ಟೆಯಲ್ಲಿ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡು ಬಂದರು. ಕೊನೆಗೆ ವರ್ಧಮಾನ ಹೆಗ್ಡೆಯವರು. ಜೀವಂಧರ ಹೆಗ್ಡೆಯವರು ತೀರಿಕೊಂಡ ಮೇಲೆ ಈ ಮಗನೇ ಅಧ್ಯಕ್ಷ.

ಹೆಣದ ಕಾಲಿಗೆ ಕೈಮುಗಿದು ಮೂವರು ಮೊಕ್ತೇಸರರೂ ಜಗಲಿಯಲ್ಲಿ ಕೂತರು.

"ಇಷ್ಟು ಯೋಚನೆ ಎಂತಕ್ಕೆ ಮಾರಾಯ್ರೆ?" ಎಂದರು ಶುಕೂರ್ ಸಾಹೇಬರು. "ಏಳು ಮರ ಉಂಟು. ಒಂದು ಕಡಿಯುವ. ಗಜಾನನ ಅಲ್ಲದಿದ್ರೆ ಆ ತೋಟದಲ್ಲಿ ಇವತ್ತು ಮುಳ್ಳು ಬೆಳೀತಿತ್ತು."

"ಕಡಿಯುವ. ನನ್ನದೇನೂ ಆಕ್ಷೇಪ ಇಲ್ಲ," ಎಂದರು ವರ್ಧಮಾನ ಹೆಗ್ಡೆ. "ಅವನಿಗಲ್ಲದೆ ಇನ್ಯಾರಿಗೆ ಕೊಡುದು?"

ಮಾಸ್ಟ್ರು ಕೆಮ್ಮಿದರು. ಅವರು ಕೆಮ್ಮಿದರೆ ಕಲಮು ಬಂತು ಎಂದೇ ಅರ್ಥ. "ಆದ್ರೆ ಭೂಮಿಯಿಲ್ಲದ ಮೊಕ್ತೇಸರರ ರುಜು ಬೇಕಲ್ಲ."

ಮೂವರ ಕಣ್ಣೂ ಒಟ್ಟಿಗೇ ಒಳಗೆ ಚಾಪೆಯ ಮೇಲೆ ಮಲಗಿದ್ದವನತ್ತ ಹೋಯಿತು. ಬದುಕಿದ್ದರೆ ಗಜಾನನ ಎಲ್ಲರಿಗಿಂತ ಮೊದಲು ನಗುತ್ತಿದ್ದ.

"ಹೊಸಬರನ್ನು ಆರಿಸುವ ಹಾಗಾದ್ರೆ. ಈಗಲೇ," ಎಂದರು ಹೆಗ್ಡೆ. "ಯಾರನ್ನು? ಹತ್ತಿರದಲ್ಲಿ ಯಾರಿದ್ದಾರೆ?"

ಮಾಸ್ಟ್ರು ಕನ್ನಡಕ ಸರಿಮಾಡಿಕೊಂಡರು. "ಪತ್ರದಲ್ಲಿ ವ್ಯಕ್ತಿ ಅಂತ ಉಂಟು. ಗಂಡಸು ಅಂತ ಇಲ್ಲ." ಆಮೇಲೆ ಬಾಗಿಲ ಕಡೆ ತಿರುಗಿ, ಮೆಲ್ಲಗೆ, "ಪರಮೇಶ್ವರಿ ಅಮ್ಮ, ನಿಮ್ಮ ಹೆಸರಲ್ಲಿ ಜಾಗ ಎಂತಾದ್ರೂ ಉಂಟಾ?" ಎಂದರು.

ಅಂಗಳದ ಹೆಂಗಸರಲ್ಲಿ ಗುಸುಗುಸು ಎದ್ದಿತು. ಹೆಣ ಮನೆಯಲ್ಲಿರುವಾಗ ಹೆಂಡತಿಯನ್ನು ಸಭೆಗೆ ಕರೆಯುವುದೆಂದರೆ! ಪರಮೇಶ್ವರಿ ಎದ್ದು ಬಂದು ಬಾಗಿಲಲ್ಲಿ ನಿಂತಳು.

"ಎಲ್ಲಿಂದ ಬರ್ಬೇಕು ಮಾಸ್ಟ್ರೆ? ಬೇಡ ಅಂದವರು ಒಳಗೆ ಮಲಗಿದ್ದಾರೆ."

ಹಾಗೆ ಹೆಣ್ಣುಮಗಳೊಬ್ಬಳು ಮೊಕ್ತೇಸರಳಾದಳು. ನಾಲ್ಕನೆಯ ಕ್ಲಾಸಿನ ತನಕ ಓದಿದ್ದಳು, ರುಜು ಮಾಡಲು ಬರುತ್ತಿತ್ತು. ಪೆನ್ನಿಗೆ ಕೈ ಚಾಚಿದಾಗ ಅವಳ ಮನಸ್ಸಿನಲ್ಲಿದ್ದದ್ದು ದುಃಖವಲ್ಲ, ಒಂದು ಬಗೆಯ ಹಟ. ಸಿಗಲಿ. ಹನ್ನೆರಡು ವರ್ಷ ಆ ತೋಟಕ್ಕೆ ಬೆವರು ಸುರಿಸಿದವನಿಗೆ ಒಂದು ಮರವಾದರೂ ಸಿಗಲಿ. ಚೆನ್ನಾಗಿ ಉರಿದು, ಸಂಜೆಯೊಳಗೆ ಬೂದಿಯಾಗಿ, ಮರ್ಯಾದೆಯಿಂದ ಹೋಗಲಿ. ಅವನಿಗಾಗಿ ಅವಳಿಗೆ ಇನ್ನು ಬೇಕಾಗಿದ್ದದ್ದು ಅದೊಂದೇ.

ಮಾಸ್ಟ್ರು ಮೊದಲು ಇಂಥ ವಿಷಯ ಹೇಗೆ ಬರೆದಿತ್ತು ಎಂದು ಪುಸ್ತಕದ ಹಳೆಯ ಹಾಳೆಗಳನ್ನು ತಿರುವುತ್ತಿದ್ದರು. ಒಂದು ಕಡೆ ಬೆರಳು ನಿಂತಿತು. ಹುಡುಗರಿಗೆ ಓದಿ ಹೇಳಿ ಅಭ್ಯಾಸವಾದ ಬಾಯಿ. ಯೋಚಿಸುವ ಮೊದಲೇ ಗಟ್ಟಿಯಾಗಿ ಓದಿಬಿಟ್ಟರು.

"ಸಾವಿರದ ಒಂಬೈನೂರ ಐವತ್ತೆಂಟನೇ ಇಸವಿ ಜುಲೈ ಇಪ್ಪತ್ತೊಂದು. ತೋಟದ ಬಾವಿ ತೋಡಿದ ದೂಮನ ಶವಸಂಸ್ಕಾರಕ್ಕೆ ಒಂದು ಮಾವಿನ ಮರ ಬೇಕೆಂದು ಅವನ ಹೆಂಡತಿ ಕಾಂತಿ ಮಾಡಿದ ಅರಿಕೆ. ಭೂಮಿಯಿಲ್ಲದ ಮೊಕ್ತೇಸರರು ಒಪ್ಪದ ಕಾರಣ ನಿರಾಕರಿಸಲಾಯಿ..."

ಹೆಣದ ತಲೆಯ ಹತ್ತಿರ ದೀಪಕ್ಕೆ ಎಣ್ಣೆ ಹಾಕುತ್ತಿದ್ದ ಕಾಂತಿ ಎಣ್ಣೆಯ ಗಿಂಡಿಯನ್ನು ಅಲ್ಲೇ ಇಟ್ಟು, ಹಿಂದಿನ ಬಾಗಿಲಿನಿಂದ ಹೊರಗೆ ಹೋದಳು. ಪರಮೇಶ್ವರಿ ಪೆನ್ನನ್ನು ಜಗಲಿಯ ಮೇಲಿಟ್ಟು ಅವಳ ಹಿಂದೆ ನಡೆದಳು.

*

ಆರು ವರ್ಷದ ಹಿಂದೆ ದೂಮ ಸತ್ತದ್ದು ಪರಮೇಶ್ವರಿಗೆ ನೆನಪಿತ್ತು. ಗಜಾನನ ಆ ದಿನ ಮಧ್ಯಾಹ್ನ ಹೋದವನು ಸಂಜೆ ತೊಪ್ಪೆಯಾಗಿ ಬಂದಿದ್ದ. ಮೈತುಂಬ ಹೊಗೆಯ ವಾಸನೆ. ಮೂರು ಸಲ ತಲೆಗೆ ನೀರು ಹೊಯ್ದುಕೊಂಡು, ಗಂಜಿ ಬೇಡವೆಂದು ಗೋಡೆಗೆ ಮುಖ ಮಾಡಿ ಮಲಗಿದ್ದ. ಬೆಳಕು ಹರಿಯುವಾಗ ಮತ್ತೆ ಎದ್ದು ಹೋಗಿದ್ದ. ಬಂದವನು, "ದೂಮನದ್ದು ಮುಗೀತು," ಎಂದಷ್ಟೇ ಹೇಳಿದ್ದ.

ಆಮೇಲೆ ಶುರುವಾದದ್ದು ಬೇರೆ. ಬಾವಿಯ ಬುಡದ ಒಳ್ಳೆಯ ಸಾಲುಗಳು ಕಾಂತಿಗೆ. ಕಾಂತಿಯ ರವಿಕೆ ಎಲ್ಲಕ್ಕಿಂತ ಮೊದಲು ಹೊಲಿದಾಗಬೇಕು. ಕಾಂತಿ ಬಂದರೆ ಮೆಷಿನು ನಿಲ್ಲಿಸಿ ಎದ್ದು ನಿಲ್ಲುತ್ತಿದ್ದ, ಕಣ್ಣೆತ್ತಿ ಮುಖ ನೋಡುತ್ತಿರಲಿಲ್ಲ. ಗಂಡಸು ಹೀಗೆಲ್ಲ ಮಾಡಿದರೆ ಹೆಂಡತಿ ಏನೆಂದುಕೊಳ್ಳಬೇಕು? ಪರಮೇಶ್ವರಿ ಅದನ್ನೇ ಅಂದುಕೊಂಡಿದ್ದಳು. ಬಾಯಿಬಿಟ್ಟು ಕೇಳಿರಲಿಲ್ಲ, ಆರು ವರ್ಷ ಕಾಂತಿಯ ಮೇಲೆ ಒಂದು ಕಣ್ಣು ಇಟ್ಟೇ ಇದ್ದಳು.

ಕಾಂತಿ ಮನೆಯ ಹಿಂದಿನ ಬಾವಿಕಟ್ಟೆಯ ಹತ್ತಿರ ನಿಂತಿದ್ದಳು.

"ಅಕ್ಕನಿಗೆ ಗೊತ್ತಿರಲಿಲ್ಲವಾ?"

"ಇಲ್ಲ. ಅವರು ಹೇಳ್ಲಿಲ್ಲ."

ಕಾಂತಿ ತುಳುವಿನಲ್ಲಿ ಹೇಳಿದಳು, ಬೇರೆ ಯಾರದೋ ಮನೆಯ ಸುದ್ದಿ ಹೇಳುವಷ್ಟು ನಿಧಾನವಾಗಿ. "ದೊಡ್ಡ ಹೆಗ್ಡೆಯವರು ಕೊಡುವ ಅಂದಿದ್ದರು. ಮಾಸ್ಟ್ರೂ ಹೂಂ ಅಂದರು. ನಾನು ಅಲ್ಲಿಯೇ ಅಂಗಳದಲ್ಲಿ ಕೂತಿದ್ದೆ. ಅಣ್ಣನೇ ಬೇಡ ಅಂದದ್ದು. ಇವತ್ತು ದೂಮನಿಗೆ ಕೊಟ್ಟರೆ ನಾಳೆ ಜನ ಹೇಳ್ತಾರೆ, ಇಲ್ಲದವನನ್ನು ತಂದು ಕೂರಿಸಿದ್ದಕ್ಕೆ ತೋಟ ಬೋಳಿಸಿಬಿಟ್ಟ ಅಂತ. ಇದ್ದವರು ಕೊಡುವ ಅಂತಾರೆ, ಇಲ್ಲದ ಅಣ್ಣ ಬೇಡ ಅಂತಾರೆ! ನನಗೆ ಅಳುವುದಕ್ಕೂ ಬರ್ಲಿಲ್ಲ ಅಕ್ಕ."

"ಮತ್ತೆ ಎಂತ ಮಾಡಿದಿರಿ?"

"ಎಂತ ಮಾಡುದು? ಸರಕಾರಿ ಗುಡ್ಡೆಯಲ್ಲಿ ಸಿಕ್ಕಿದ ಮರುವ ಮರದ ಗೆಲ್ಲು ಕಡಿದು ಹಾಕಿದೆವು. ಹಸಿ. ಮೇಲಿಂದ ಮಳೆ. ಚಿಮಿಣಿ ಎಣ್ಣೆ ಹೊಯ್ದಷ್ಟು ಹೊತ್ತು ಉರೀತದೆ, ಮತ್ತೆ ಬರೀ ಹೊಗೆ. ಅಣ್ಣ ಕೊಡೆ ತಂದು ಬೆಂಕಿಯ ಮೇಲೆ ಹಿಡಿದು ನಿಂತರು. ಕೆಮ್ಮಿ ಕೆಮ್ಮಿ ಕಣ್ಣು ಕೆಂಪಾಗಿ... ಹೋಗಿ ಅಣ್ಣ ಅಂದೆ. ಹೋಗ್ಲಿಲ್ಲ. ಮರುದಿನ ಬೆಳಿಗ್ಗೆ ಇನ್ನೊಂದು ಸಲ ಹಚ್ಚಬೇಕಾಯಿತು. ನಾನೇ ಹಚ್ಚಿದೆ. ಆಗ ನಾನು ನೋಡಿದ್ದು ಯಾರೂ ನೋಡಬಾರದು."

ಪರಮೇಶ್ವರಿಗೆ ಮೊದಲು ಎದೆಯ ಮೇಲಿನ ಕಲ್ಲು ಇಳಿದ ಹಾಗಾಯಿತು. ಅದರ ಬೆನ್ನಿಗೇ ಇಳಿದದ್ದಕ್ಕೆ ಅಸಹ್ಯವಾಯಿತು. ಆರು ವರ್ಷ ಇವಳನ್ನು ಏನೆಂದುಕೊಂಡಿದ್ದೆ! ಅವನಾದರೂ ಬಾಯಿಬಿಟ್ಟು ಒಂದು ಮಾತು ಹೇಳಬಾರದಿತ್ತೇ? ತಪ್ಪು ಮಾಡಿದೆ ಎಂದು ಇವಳ ಹತ್ತಿರ ಹೇಳಲಿಲ್ಲ, ಹೆಂಡತಿಯ ಹತ್ತಿರವೂ ಹೇಳಲಿಲ್ಲ. ರವಿಕೆ ಹೊಲಿದು ಕೊಟ್ಟ. ಅವನಿಗೆ ತಿಳಿದದ್ದು ಅಷ್ಟೇ.

"ಸಿಟ್ಟಿಲ್ಲವಾ ನಿನಗೆ?"

"ಉಂಟು. ಇಲ್ಲದೆ? ಅವರು ತೋಡಿದ ಆ ತೋಟದ ಬಾವಿಯಿಂದ ನೀರು ಸೇದುವಾಗೆಲ್ಲ ಉಂಟು."

"ಮತ್ತೆ ಬೆಳಿಗ್ಗೆಯಿಂದ ಇಲ್ಲಿ ಯಾಕೆ ಕೂತಿದ್ದೀ?"

"ಅಣ್ಣ ಅಲ್ಲವಾ," ಎಂದಳು ಕಾಂತಿ, ಇದೆಂಥ ಪ್ರಶ್ನೆ ಎಂಬಂತೆ. ಸೆರಗಿನಲ್ಲಿ ಮೂಗು ಒರೆಸಿಕೊಂಡಳು. "ನೀವು ಹೋಗಿ ರುಜು ಹಾಕಿ ಅಕ್ಕ. ಹಸಿ ಕಟ್ಟಿಗೆ ಬೇಡ. ಯಾರಿಗೂ ಬೇಡ. ಅವರಿಗೂ ಬೇಡ."

*

ಜಗಲಿಗೆ ಬಂದಾಗ ಮಾಸ್ಟ್ರು ತೀರ್ಮಾನ ಬರೆದು ಮುಗಿಸಿದ್ದರು. ಸದಾಶಿವ ಕೊಡಲಿ ಮಸೆದು ಕಾಯುತ್ತಿದ್ದ. ಚಟ್ಟ ತಯಾರಾಗಿತ್ತು. ಪಡುವಣದಲ್ಲಿ ಮೋಡ ಮತ್ತೆ ಕಪ್ಪಾಗತೊಡಗಿತ್ತು.

ಪರಮೇಶ್ವರಿ ಓದಿದಳು. ದಿವಂಗತ ಗಜಾನನರ ಅಪೂರ್ವ ಸೇವೆಯನ್ನು ಪರಿಗಣಿಸಿ, ವಿಶೇಷ ಸಂದರ್ಭವೆಂದು ಭಾವಿಸಿ, ಒಂದು ಮರ.

"ಇದಕ್ಕೆ ನಾನು ರುಜು ಹಾಕುದಿಲ್ಲ."

"ಅತ್ತಿಗೆ!" ಎಂದ ಸದಾಶಿವ. "ಮೂರು ಗಂಟೆ ಆಯ್ತು. ಮಳೆ ಬಂದ್ರೆ ಎಂತ ಮಾಡುದು?"

"ಇವರೊಬ್ಬರಿಗೆ ಅಂತ ಆದ್ರೆ ಹಾಕುದಿಲ್ಲ. ಹೀಗೆ ಬರೀರಿ ಮಾಸ್ಟ್ರೆ. ತೋಟದಲ್ಲಿ ಸಾಲು ಇರುವ ಯಾವ ಮನೆಯಲ್ಲಿ ಯಾರು ಸತ್ತರೂ, ಅವರಿಗೆ ಸ್ವಂತ ಮರ ಇಲ್ಲದಿದ್ರೆ, ತೋಟದ ಮಾವು ಕೊಡಬೇಕು. ಬೇಡಿಸಿಕೊಳ್ಳದೆ ಕೊಡಬೇಕು."

ವರ್ಧಮಾನ ಹೆಗ್ಡೆಯವರು ಕೆಟ್ಟವರಲ್ಲ. ಆದರೆ ಲೆಕ್ಕದ ಮನುಷ್ಯ. "ಏಳು ಮರ ಪರಮೇಶ್ವರಿ ಅಮ್ಮ. ಇಪ್ಪತ್ತೆಂಟು ಮನೆ. ಹತ್ತು ವರ್ಷದಲ್ಲಿ ತೋಟಕ್ಕೆ ನೆರಳೇ ಇರುದಿಲ್ಲ."

"ನೆಡುವ. ನೆಡ್ಲಿಕ್ಕೆ ಇಪ್ಪತ್ತೆಂಟು ಮನೆಯವರು ಇದ್ದಾರಲ್ಲ."

"ಆಗಲಿ, ಅದನ್ನು ಮುಂದಿನ ಸಭೆಯಲ್ಲಿ ಮಾತಾಡುವ. ಈಗ ಇದೊಂದು ಮುಗಿಸುವ."

"ಮುಂದಿನ ಸಭೆಗೆ ಹೆಣ ಇರುದಿಲ್ಲ ಧನಿ. ಹೆಣ ಎದುರಿಗೆ ಇದ್ರೆ ಮಾತ್ರ ನಿಮ್ಗೆ ಮರದ ನೆನಪು."

ಹೆಗ್ಡೆಯವರ ಮುಖ ಕೆಂಪೇರಿತು. ಆ ಮನೆತನದವರಿಗೆ ಎದುರು ನಿಂತು ಹೀಗೆ ಯಾರೂ ಮಾತಾಡಿದ್ದಿಲ್ಲ, ಗಜಾನನ ಕೂಡ.

"ಮತ್ತೆ ನಾನು ಒಪ್ಪದಿದ್ರೆ?" ಎಂದರು. "ನಿಮ್ಮ ಗಂಡನನ್ನು ಹಸಿ ಕಟ್ಟಿಗೆಯಲ್ಲಿ ಸುಡ್ತೀರಾ?"

ಪರಮೇಶ್ವರಿ ಒಳಗೆ ನೋಡಿದಳು. ಬಿಳಿ ಬಟ್ಟೆ ಹೊದೆಸಿದ್ದರು, ಮುಖವೊಂದೇ ಕಾಣುತ್ತಿತ್ತು. ಒಂದು ಕಾಜ ಅರ್ಧಕ್ಕೇ ಬಿಟ್ಟು ಹೋದ ಸಣ್ಣ ಮನುಷ್ಯ. ಹೊಗೆ, ಮಳೆ, ನಾಳೆ ಬೆಳಿಗ್ಗೆ ಇನ್ನೊಮ್ಮೆ ಹಚ್ಚುವುದು. ದೇವರೇ, ಇವರು ಹೌದೆಂದುಬಿಟ್ಟರೆ?

"ದೂಮನಿಗೆ ಆದದ್ದೇ ಇವರಿಗೂ ಆಗ್ಲಿ," ಎಂದಳು. "ನಾನು ಕೊಡೆ ಹಿಡಿದು ನಿಲ್ತೇನೆ."

ಶುಕೂರ್ ಸಾಹೇಬರು ಎದ್ದು ಬಂದು ಮಾಸ್ಟ್ರ ಎದುರು ಕೂತರು. "ಬರೀರಿ ಮಾಸ್ಟ್ರೆ. ಅವರು ಹೇಳಿದ ಹಾಗೆ ಬರೀರಿ. ನನ್ನ ರುಜು ಮೊದಲು ಹಾಕ್ತೇನೆ. ಮಾವಿನ ಓಟೆ ನಾನು ತರ್ತೇನೆ ಬಂಟ್ವಾಳದಿಂದ, ಗೋಣಿಗಟ್ಟಲೆ."

ಹೆಗ್ಡೆಯವರು ಆಕಾಶ ನೋಡಿದರು, ಅಂಗಳದಲ್ಲಿ ನಿಂತಿದ್ದ ಜನರನ್ನು ನೋಡಿದರು. ಅವರಲ್ಲಿ ಅರ್ಧಕ್ಕರ್ಧ ಜನ ತೋಟದಲ್ಲಿ ಸಾಲು ಇದ್ದವರೇ. ಕೊನೆಗೆ ಹೆಗ್ಡೆಯವರು ಶಾಲು ಹೆಗಲಿಗೆ ಏರಿಸಿಕೊಂಡು, "ದೂಮ ಸತ್ತ ದಿನ ಅಪ್ಪ ಮನೆಗೆ ಬಂದು ಊಟ ಮಾಡಿರಲಿಲ್ಲ," ಎಂದರು. "ಎಂತದು ಅಂತ ನಾನೂ ಕೇಳಿರಲಿಲ್ಲ. ಬರೀರಿ."

ಮಾಸ್ಟ್ರು ಹಳೆಯದನ್ನು ಹೊಡೆದು ಹಾಕಿ ಹೊಸದಾಗಿ ಬರೆದರು. ಓದಿ ಹೇಳಿದರು. ಆಮೇಲೆ, "ಮರ ಪಡೆದವರ ಹೆಸರು ಕೆಳಗೆ ಬರೀಬೇಕಾಗ್ತದೆ. ಮುಂದಕ್ಕೆ ಬೇಕಾಗ್ತದಲ್ಲ. ಒಂದು: ಗಜಾನನ..." ಎಂದು ಪೆನ್ನು ಊರಿದರು.

"ಒಂದು ಅಲ್ಲ," ಎಂದಳು ಪರಮೇಶ್ವರಿ. "ಒಂದು, ದೂಮ."

"ದೂಮನಿಗೆ ಮರ ಕೊಟ್ಟಿಲ್ಲವಲ್ಲ ಅಮ್ಮ?"

"ಕೊಟ್ಟಿಲ್ಲ ಅಂತಲೇ ಬರೀರಿ. ಕೇಳಿದ್ರು, ಕೊಡ್ಲಿಲ್ಲ, ಕೊಡ್ಬೇಕಿತ್ತು. ಅಷ್ಟು ಬರೆದು ಕೆಳಗೆ ಇವರ ಹೆಸರು ಹಾಕಿ."

ಮಾಸ್ಟ್ರು ಹೆಗ್ಡೆಯವರ ಮುಖ ನೋಡಿದರು. ಅವರು ತಲೆಯಾಡಿಸಿದರು. ಮಾಸ್ಟ್ರು ಬರೆದರು. ಪರಮೇಶ್ವರಿ ಅಕ್ಷರ ಅಕ್ಷರ ಒತ್ತಿ ರುಜು ಹಾಕಿದಳು, ನಾಲ್ಕನೆಯ ಕ್ಲಾಸು ಬಿಟ್ಟ ಮೇಲೆ ಇಷ್ಟು ನಿಧಾನವಾಗಿ ಅವಳು ಏನನ್ನೂ ಬರೆದಿರಲಿಲ್ಲ. ಸದಾಶಿವ ಕೊಡಲಿ ಎತ್ತಿಕೊಂಡ. ಏಳೆಂಟು ಗಂಡಸರು ಅವನ ಹಿಂದೆ ರಸ್ತೆ ದಾಟಿದರು. ಹೆಗ್ಡೆಯವರೂ ಯಾವ ಮರ ಎಂದು ತೋರಿಸಲು ಹೋದರು. ಪುಸ್ತಕ ಶಾಯಿ ಒಣಗಲೆಂದು ಜಗಲಿಯ ಮೇಲೆ ತೆರೆದೇ ಇತ್ತು.

ಕಾಂತಿ ಒದ್ದೆ ಕೈ ಸೆರಗಿಗೆ ಒರೆಸಿಕೊಳ್ಳುತ್ತ ಬಂದಳು.

"ನಮ್ಮವರ ಹೆಸರು ಉಂಟಂತೆ ಇದರಲ್ಲಿ?"

"ಉಂಟು."

ಓದು ಬಾರದ ಕಾಂತಿ ಪುಸ್ತಕದ ಎದುರು ಕುಕ್ಕರಗಾಲಿನಲ್ಲಿ ಕೂತು, ಅಕ್ಷರಗಳನ್ನು ತುಂಬ ಹೊತ್ತು ನೋಡಿದಳು. ಆಮೇಲೆ ಬೆರಳನ್ನು ಕೆಳಗಿನ ಸಾಲಿನ ಹತ್ತಿರ ಮುಟ್ಟಿಯೂ ಮುಟ್ಟದ ಹಾಗೆ ಇಟ್ಟಳು.

"ಇದಾ?"

"ಅದು ನಮ್ಮವರದ್ದು," ಎಂದಳು ಪರಮೇಶ್ವರಿ. "ನಿನ್ನವರದ್ದು ಮೇಲೆ."

ರಸ್ತೆಯಾಚೆ ಕೊಡಲಿಯ ಮೊದಲ ಪೆಟ್ಟು ಬಿತ್ತು. ಕಾಂತಿ ಬೆರಳನ್ನು ಒಂದು ಸಾಲು ಮೇಲಕ್ಕೆ ಸರಿಸಿದಳು.